ಮಾಹಿತಿಯ ಹುಡುಕಾಟ: ಕರ್ನಾಟಕದ ವಿದ್ಯಾರ್ಥಿ ಮತ್ತು ಅಂತರಜಾಲ

ಕರ್ನಾಟಕದ ವಿದ್ಯಾರ್ಥಿಗಳಿಗೆ ಅಂತರಜಾಲ ಕೈಗೆಟುಕಿದ್ದು 1990ರ ದಶಕದ ಕೊನೆಯ ವರ್ಷಗಳಲ್ಲಿ. ಕನ್ನಡದಲ್ಲೇ ಪ್ರಶ್ನೆ ಬರೆದು ಕನ್ನಡದಲ್ಲೇ ಉತ್ತರ ಪಡೆಯಲು ಮತ್ತೆ ಹತ್ತು ವರ್ಷಕ್ಕೂ ಮೀರಿ ಕಾಯಬೇಕಾಯಿತು. ಯಂತ್ರ, ತಂತಿ, ಹುಡುಕುವ ತಂತ್ರಾಂಶ ಎಲ್ಲವೂ ಬಂದಾದ ಮೇಲೂ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ತನ್ನ ಪಠ್ಯಪುಸ್ತಕದಲ್ಲಿರುವ ಪದವನ್ನು ಇದ್ದ ಹಾಗೇ ಬರೆದು ಹುಡುಕುವುದು ಸಾಧ್ಯವಿರಲಿಲ್ಲ. ಅವನ ಪ್ರಶ್ನೆಯನ್ನು ಯಾರಾದರೂ ಹುಡುಕಲು ಬರುವ ರೂಪಕ್ಕೆ ತಂದುಕೊಡಬೇಕಿತ್ತು. ಮೊದಲು ಗ್ರಂಥಪಾಲಕ, ಆಮೇಲೆ ಸೈಬರ್ ಕೆಫೆಯ ಹುಡುಗ, ಕೊನೆಗೆ ಸ್ವತಃ ವಿದ್ಯಾರ್ಥಿ ಮತ್ತು ಅವನ ಕೈಯಲ್ಲಿನ ಯಂತ್ರ ಈ ಕೆಲಸ ಮಾಡುತ್ತ ಬಂದಿದ್ದಾರೆ.

ಅಂತರಜಾಲಕ್ಕೆ ಮುಂಚೆ ಹುಡುಕಾಟ ಶುರುವಾಗುತ್ತಿದ್ದುದು ಗ್ರಂಥಾಲಯದ ಕಾರ್ಡ್ ಪೆಟ್ಟಿಗೆಯಿಂದ. ಮರದ ಸಣ್ಣ ಸಣ್ಣ ಖಾನೆಗಳು, ಪ್ರತಿ ಖಾನೆಯಲ್ಲಿ ಅಂಚಿಗಂಚು ಹೊಂದಿಸಿ ನಿಲ್ಲಿಸಿದ ದಪ್ಪ ಕಾಗದದ ಕಾರ್ಡುಗಳು, ಅವು ಹೊರಬರದಂತೆ ಕೆಳಗಿನ ತೂತುಗಳ ಮೂಲಕ ಹಾಯಿಸಿದ ಒಂದು ಲೋಹದ ಕಡ್ಡಿ. ಒಂದೇ ಪುಸ್ತಕಕ್ಕೆ ಲೇಖಕನ ಹೆಸರಿನಲ್ಲೊಂದು, ಶೀರ್ಷಿಕೆಯಲ್ಲೊಂದು, ವಿಷಯದಲ್ಲೊಂದು ಕಾರ್ಡು ಇರುತ್ತಿತ್ತು. ಕಾರ್ಡಿನ ಮೂಲೆಯಲ್ಲಿದ್ದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು ಕಪಾಟಿನತ್ತ ಹೋಗುವುದು, ಇಲ್ಲವೆ ಚೀಟಿಯನ್ನು ಕೌಂಟರಿನಲ್ಲಿ ಕೊಟ್ಟು ಕಾಯುವುದು ಕಾಲೇಜು ಜೀವನದ ಮಾಮೂಲಿ ಭಾಗವಾಗಿತ್ತು. ಕಾಲೇಜು ಗ್ರಂಥಾಲಯವಿಲ್ಲದ ಊರುಗಳಲ್ಲಿ ಈ ಅನುಕೂಲ ಸಿಕ್ಕಿದ್ದು 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ನಂತರ ಜಿಲ್ಲೆ ಮತ್ತು ನಗರಗಳಲ್ಲಿ ತೆರೆದ ಗ್ರಂಥಾಲಯಗಳಿಂದ. ಬೆಂಗಳೂರಿನವರಿಗೆ ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಕಟ್ಟಡ ಮೊದಲಿನಿಂದಲೂ ಇತ್ತು.

ಈ ವ್ಯವಸ್ಥೆಯ ಹಿಂದಿನ ಚಿಂತನೆಗೆ ಬೆಂಗಳೂರಿನ ನಂಟು ಗಾಢವಾದದ್ದು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಮಂಡಿಸಿದ ಎಸ್. ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಈ ನಗರದಲ್ಲೇ ಕಳೆದರು. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಡಿಯಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಇಲ್ಲಿ ಕಟ್ಟಿದರು; 1972ರಲ್ಲಿ ಇಲ್ಲೇ ತೀರಿಕೊಂಡರು. ಓದುಗನ ಸಮಯ ಉಳಿಸಬೇಕೆಂಬುದು ಅವರ ನಾಲ್ಕನೆಯ ಸೂತ್ರ. ಪರಾಮರ್ಶನ ಸೇವೆಗೆ ಅವರು ವಿಶೇಷ ಮಹತ್ವ ಕೊಟ್ಟಿದ್ದರು. ಓದಲು ಬಂದವನಿಗೆ ತನಗೆ ಬೇಕಾದದ್ದೇನು ಎಂದು ಸರಿಯಾಗಿ ಹೇಳಲು ಬಾರದಿರಬಹುದು. ಅವನ ಜೊತೆ ಕೂತು ನಾಲ್ಕು ಮಾತಾಡಿ, ಪ್ರಶ್ನೆಯನ್ನು ತಿದ್ದಿ, ಅದಕ್ಕೆ ತಕ್ಕ ಪುಸ್ತಕವನ್ನು ತೋರಿಸುವುದು ಗ್ರಂಥಪಾಲಕನ ಕರ್ತವ್ಯವೆಂದು ಅವರು ಬಗೆದಿದ್ದರು. ಹುಡುಕಾಟದ ಕಷ್ಟದ ಭಾಗ ಉತ್ತರದಲ್ಲಿಲ್ಲ, ಪ್ರಶ್ನೆಯಲ್ಲಿದೆ ಎಂಬ ಈ ತಿಳಿವಳಿಕೆ ಮುಂದಿನ ಯಂತ್ರಯುಗಕ್ಕೂ ಅಷ್ಟೇ ಸಲ್ಲುತ್ತದೆ. ಆದರೆ ಬಹುಪಾಲು ಶಾಲೆಗಳಲ್ಲಿ ಗ್ರಂಥಪಾಲಕನೇ ಇರಲಿಲ್ಲ. ಬೀಗ ಹಾಕಿದ ಒಂದು ಬೀರು, ಅದರ ಕೀಲಿ ಇಟ್ಟುಕೊಂಡ ಒಬ್ಬ ಮೇಷ್ಟರು ಎಂಬಲ್ಲಿಗೆ ಅಲ್ಲಿನ ಗ್ರಂಥಾಲಯ ಮುಗಿಯುತ್ತಿತ್ತು.

ಆ ಕೊರತೆಯನ್ನು ಕನ್ನಡದ ಬರಹಗಾರರು ತಮ್ಮ ಶ್ರಮದಿಂದ ತುಂಬಲು ನೋಡಿದರು. ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದರು, ಎರಡು ದಶಕದ ಮೇಲೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬಂತು. ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ ಕಿರಿಯರ ವಿಶ್ವಕೋಶವಾಗಿ ರೂಪುಗೊಂಡಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಪ್ರಕಟವಾಯಿತು. ಅಕಾರಾದಿಯಾಗಿ ಸಾಗಿದ ಈ ಯೋಜನೆ ಹದಿನಾಲ್ಕನೆಯ ಸಂಪುಟಕ್ಕೆ ಮುಟ್ಟುವ ಹೊತ್ತಿಗೆ ಹೊಸ ಶತಮಾನ ಕಾಲಿಟ್ಟಿತ್ತು. ಅಶೋಕನ ಬಗ್ಗೆ ಹುಡುಕಿದವನಿಗೆ ಮೊದಲ ಸಂಪುಟದಲ್ಲೇ ಉತ್ತರವಿತ್ತು, ಹೊಯ್ಸಳರ ಬಗ್ಗೆ ಹುಡುಕಿದವನು ವರ್ಣಮಾಲೆ ‘ಹ’ಕಾರಕ್ಕೆ ಬರುವವರೆಗೆ ದಶಕಗಟ್ಟಲೆ ಕಾಯಬೇಕಿತ್ತು. ಹಾಗಿದ್ದರೂ ಒಂದು ಭಾಷಾಸಮುದಾಯ ತನ್ನ ವಿದ್ಯಾರ್ಥಿಗಳಿಗಾಗಿ ಕೈಗೊಂಡ ದೊಡ್ಡ ಕೆಲಸಗಳಲ್ಲಿ ಇದೊಂದು.

ಗಣಕಜಾಲದ ಮೂಲಕ ಮಾಹಿತಿ ಹುಡುಕಿದ ಮೊದಲಿಗರು ಸಂಶೋಧನಾ ವಿದ್ಯಾರ್ಥಿಗಳು. 1986ರ ಸುಮಾರಿಗೆ ಆರಂಭವಾದ ಅರ್ನೆಟ್ ಶೈಕ್ಷಣಿಕ ಜಾಲದ ಮೊದಲ ಎಂಟು ಕೇಂದ್ರಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಮಾಹಿತಿ ಕೇಂದ್ರವು ಸಂಶೋಧಕರಿಂದ ಅವರ ಆಸಕ್ತಿಯ ವಿಷಯಗಳನ್ನು ಬರೆಸಿಕೊಂಡು, ಅವಕ್ಕೆ ಹೊಂದುವ ಹೊಸ ಲೇಖನಗಳ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ತೆಗೆದು ಕಳಿಸುತ್ತಿತ್ತು. ಅಲ್ಲಿಯೂ ಪ್ರಶ್ನೆ ವಿದ್ಯಾರ್ಥಿಯದು, ಹುಡುಕುವವರು ಬೇರೆ.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಭಾರತದಲ್ಲಿ ಸಾರ್ವಜನಿಕ ಅಂತರಜಾಲ ಸೇವೆ ಆರಂಭಿಸಿತು. ವಿದ್ಯಾರ್ಥಿಗಳಿಗೆ ಅಗ್ಗದ ದರದಲ್ಲಿ ಕೊಟ್ಟಿದ್ದು ಶೆಲ್ ಖಾತೆ. ಅದರಲ್ಲಿ ಚಿತ್ರ ಕಾಣುತ್ತಿರಲಿಲ್ಲ, ಅಕ್ಷರವಷ್ಟೇ. ಮನೆಯಲ್ಲಿ ಕಂಪ್ಯೂಟರ್, ಮೋಡೆಮ್, ದೂರವಾಣಿ ಮೂರೂ ಇದ್ದ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತನ್ನ ಮೊದಲ ಅಂಗಡಿಯನ್ನು ಅಂತರಜಾಲದ ಸೌಲಭ್ಯದೊಂದಿಗೆ ತೆರೆಯಿತು. ಚಿಕ್ಕಮಗಳೂರಿನ ಕಾಫಿಯ ಜೊತೆಗೆ ತಾಸಿನ ಲೆಕ್ಕದಲ್ಲಿ ಜಾಲವನ್ನೂ ಮಾರುವ ಈ ಪದ್ಧತಿ ಆಗ ಉಳ್ಳವರದು. 1998ರ ಕೊನೆಯಲ್ಲಿ ಖಾಸಗಿ ಸಂಸ್ಥೆಗಳಿಗೂ ಅಂತರಜಾಲ ಸೇವೆ ಕೊಡಲು ಅನುಮತಿ ಸಿಕ್ಕಿದ ಮೇಲೆ ದರ ಇಳಿಯಿತು. ಎಸ್‌ಟಿಡಿ ಬೂತುಗಳ ಮಾಲೀಕರು ಒಂದೆರಡು ಕಂಪ್ಯೂಟರ್ ತಂದಿಟ್ಟು, ನಡುವೆ ಪ್ಲೈವುಡ್ ಹಲಗೆ ಬಡಿದು, ‘ಸೈಬರ್ ಕೆಫೆ’ ಎಂದು ಬೋರ್ಡು ಬರೆಸಿದರು. ಕಾಫಿ ಅಲ್ಲಿ ಸಿಗುತ್ತಿರಲಿಲ್ಲ. ಝೆರಾಕ್ಸ್, ಲ್ಯಾಮಿನೇಷನ್, ಡಿಟಿಪಿ, ಅರ್ಜಿ ನಮೂನೆಗಳ ಜೊತೆಗೆ ಅಂತರಜಾಲವೂ ಒಂದು ಬಾಬತ್ತಾಯಿತು.

ತಾಲ್ಲೂಕು ಕೇಂದ್ರಗಳಲ್ಲಿ ಹೆಚ್ಚಿನ ವಿದ್ಯಾರ್ಥಿಗಳನ್ನು ಈ ಅಂಗಡಿಗಳಿಗೆ ಮೊದಲ ಸಲ ಕರೆತಂದದ್ದು ಪರೀಕ್ಷೆಯ ಫಲಿತಾಂಶ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಜಾಲತಾಣದಲ್ಲಿ ಬರತೊಡಗಿದ ಮೇಲೆ, ಶಾಲೆಯ ಸೂಚನಾ ಫಲಕಕ್ಕೆ ಪಟ್ಟಿ ಬೀಳುವ ಮುನ್ನಾ ದಿನವೇ ಸೈಬರ್ ಕೆಫೆಯ ಮುಂದೆ ಗುಂಪು ಸೇರುತ್ತಿತ್ತು. ಹುಡುಗರು ಅಂಗೈ ಮೇಲೋ ಬಸ್ ಟಿಕೆಟ್ಟಿನ ಹಿಂದೆಯೋ ನೋಂದಣಿ ಸಂಖ್ಯೆ ಬರೆದುಕೊಂಡು ಬರುತ್ತಿದ್ದರು. ಕೌಂಟರಿನ ಹುಡುಗ ಒಂದೊಂದೇ ಸಂಖ್ಯೆ ಒತ್ತುತ್ತಿದ್ದ. ಪುಟ ಅರ್ಧ ತೆರೆದು ನಿಲ್ಲುತ್ತಿತ್ತು, ಮತ್ತೆ ಒತ್ತುತ್ತಿದ್ದ. ಹೆಸರು ಕಾಣಿಸಿ, ವಿಷಯವಾರು ಅಂಕ ಕಾಣಿಸಿ, ಕೊನೆಯ ಸಾಲು ಬರುವ ತನಕ ಹಿಂದೆ ನಿಂತ ಅಪ್ಪ ಉಸಿರೆತ್ತುತ್ತಿರಲಿಲ್ಲ. ಬಳಿಕ ಆ ಪುಟದ ಪ್ರಿಂಟು, ಅದಕ್ಕೆ ಹಣ. ಫಲಿತಾಂಶ ನೋಡುವುದು ಹುಡುಕಾಟದ ಅತಿ ಸರಳ ರೂಪ: ಪ್ರಶ್ನೆ ಒಂದು ಸಂಖ್ಯೆ, ಉತ್ತರ ಒಂದೇ. ಆದರೆ ಜಾಲದಲ್ಲಿ ತನ್ನ ಬಗೆಗಿನ ಮಾಹಿತಿಯೂ ಇದೆ ಎಂಬ ಅರಿವು ಒಂದು ತಲೆಮಾರಿಗೆ ಮೂಡಿದ್ದು ಇಲ್ಲಿ. ಸಿಇಟಿ, ಸೀಟು ಹಂಚಿಕೆ, ವಿದ್ಯಾರ್ಥಿವೇತನ, ಮರುಮೌಲ್ಯಮಾಪನ ಎಲ್ಲವೂ ಮುಂದೆ ಇದೇ ದಾರಿ ಹಿಡಿದವು.

ವಿಷಯ ಹುಡುಕುವ ಅಭ್ಯಾಸ ಬಂದದ್ದು ಕಾಲೇಜುಗಳಿಂದ, ಅದರಲ್ಲೂ ಎಂಜಿನಿಯರಿಂಗ್ ಕಾಲೇಜುಗಳಿಂದ. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬೆಳಗಾವಿಯಲ್ಲಿ ಸ್ಥಾಪನೆಯಾಗಿ ರಾಜ್ಯದ ಬಹುತೇಕ ಎಂಜಿನಿಯರಿಂಗ್ ಕಾಲೇಜುಗಳು ಒಂದೇ ಪಠ್ಯಕ್ರಮಕ್ಕೆ ಬಂದವು. ಕೊನೆಯ ವರ್ಷದ ಪ್ರಾಜೆಕ್ಟು, ಸೆಮಿನಾರು, ಹಳೆಯ ಪ್ರಶ್ನೆಪತ್ರಿಕೆ ಇವುಗಳಿಗಾಗಿ ವಿದ್ಯಾರ್ಥಿಗಳು ಜಾಲ ಜಾಲಾಡತೊಡಗಿದರು. ಆರಂಭದಲ್ಲಿ ಯಾಹೂ ಇತ್ತು. ಅದು ಮನುಷ್ಯರು ಕೂತು ವರ್ಗೀಕರಿಸಿದ ಪಟ್ಟಿಯಾದ್ದರಿಂದ, ವಿಜ್ಞಾನ, ಅದರೊಳಗೆ ಭೌತವಿಜ್ಞಾನ, ಅದರೊಳಗೆ ಬೆಳಕು ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕಿತ್ತು. ಗ್ರಂಥಾಲಯದ ವರ್ಗೀಕರಣ ಕಲಿತವರಿಗೆ ಇದು ಪರಿಚಿತ ಲೋಕ. 1995ರ ಕೊನೆಯಲ್ಲಿ ಬಂದ ಆಲ್ಟಾವಿಸ್ಟಾ ಪುಟಗಳೊಳಗಿನ ಪದಗಳನ್ನೇ ಹುಡುಕಿ ಕೊಟ್ಟಿತು. ಸಾವಿರಾರು ಪುಟ ಸಿಕ್ಕರೂ ಬೇಕಾದದ್ದು ಎಲ್ಲೋ ಹುದುಗಿರುತ್ತಿತ್ತು. 1998ರಲ್ಲಿ ಆರಂಭವಾದ ಗೂಗಲ್, ಒಂದು ಪುಟಕ್ಕೆ ಬೇರೆ ಎಷ್ಟು ಪುಟಗಳು ಕೊಂಡಿ ಹಾಕಿವೆ ಎಂಬುದನ್ನು ನೋಡಿ ಸ್ಥಾನ ಕೊಟ್ಟದ್ದರಿಂದ ಮೊದಲ ಹತ್ತರಲ್ಲೇ ಕೆಲಸ ಆಗತೊಡಗಿತು. ಕೆಲವೇ ವರ್ಷಗಳಲ್ಲಿ ‘ಗೂಗಲ್ ಮಾಡು’ ಎಂಬುದು ಕನ್ನಡದ ದಿನಬಳಕೆಯ ಕ್ರಿಯಾಪದವಾಯಿತು. ಎರಡನೆಯ ಪುಟಕ್ಕೆ ಹೋಗಿ ನೋಡುವ ಅಭ್ಯಾಸ ಅಷ್ಟೇ ಬೇಗ ತಪ್ಪಿತು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇಲ್ಲಿ ಎರಡು ಹೊರೆ. ‘ದ್ಯುತಿಸಂಶ್ಲೇಷಣೆ’ ಎಂದು ಕಲಿತವನು ಅದರ ಇಂಗ್ಲಿಷ್ ಪದ ಗೊತ್ತಿದ್ದರೆ ಮಾತ್ರ ಹುಡುಕಬಲ್ಲ. ಗೊತ್ತಿದ್ದರೂ ಕಾಗುಣಿತ ತಪ್ಪಿದರೆ ಕೆಲಸ ಕೆಟ್ಟಿತು. ಸೈಬರ್ ಕೆಫೆಯ ಹುಡುಗ ಗ್ರಂಥಪಾಲಕನ ಸ್ಥಾನಕ್ಕೆ ಬಂದು ನಿಂತದ್ದು ಈ ಕಾರಣಕ್ಕೆ. ಪಿಯುಸಿಯೋ ಡಿಪ್ಲೊಮಾವೋ ಮುಗಿಸಿದ ಆತ ವಿಷಯ ಕೇಳಿಕೊಂಡು, ಇಂಗ್ಲಿಷಿನಲ್ಲಿ ಟೈಪು ಮಾಡಿ, ಸಿಕ್ಕ ಮೊದಲ ಪುಟವನ್ನು ವರ್ಡ್ ಕಡತಕ್ಕೆ ಅಂಟಿಸಿ, ಬಣ್ಣದ ರಕ್ಷಾಪುಟ ಹಾಕಿ, ಸ್ಪೈರಲ್ ಬೈಂಡಿಂಗ್ ಮಾಡಿ ಕೊಡುತ್ತಿದ್ದ. ಪ್ರಶ್ನೆಯನ್ನು ತಿದ್ದುವ ತರಬೇತಿ ಅವನಿಗೆ ಯಾರೂ ಕೊಟ್ಟಿರಲಿಲ್ಲ, ಅದು ಅವನ ತಪ್ಪಲ್ಲ. ಪಕ್ಕದ ಸ್ಟೇಷನರಿ ಅಂಗಡಿಯಲ್ಲಿ ಸ್ವಾತಂತ್ರ್ಯ ಹೋರಾಟಗಾರರ, ಪ್ರಾಣಿಪಕ್ಷಿಗಳ ಚಿತ್ರಗಳ ಹಾಳೆ ಕೊಂಡು ಕತ್ತರಿಸಿ ಅಂಟಿಸುತ್ತಿದ್ದ ಶಾಲಾ ಮಕ್ಕಳೂ ಕ್ರಮೇಣ ಇತ್ತ ತಿರುಗಿದರು. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಜಾರಿಗೆ ಬಂದು, ಎಸ್ಸೆಸ್ಸೆಲ್ಸಿಯಲ್ಲೂ 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ ಮೀಸಲಾದ ಮೇಲೆ ‘ಪ್ರಾಜೆಕ್ಟ್’ ಮನೆಮಾತಾಯಿತು. ಯೋಜನಾ ಕಾರ್ಯದ ಉದ್ದೇಶ ಮಗು ತಾನೇ ನೋಡಿ, ಕೇಳಿ, ಅಳೆದು ಬರೆಯಲಿ ಎಂಬುದಾಗಿತ್ತು. ಆಚರಣೆಯಲ್ಲಿ ಅದು ಬಹಳ ಕಡೆ ಪ್ರಿಂಟು ತೆಗೆಸುವ ಕೆಲಸವಾಗಿ ಕುಗ್ಗಿತು.

ಸರ್ಕಾರ ಈ ಅಂಗಡಿಗಳನ್ನು ಕಂಡದ್ದು ಕಾವಲಿನ ಕಣ್ಣಿನಿಂದ. 2004ರಲ್ಲಿ ಕರ್ನಾಟಕ ಸೈಬರ್ ಕೆಫೆ ನಿಯಮಗಳನ್ನು ತಂದಿತು; 2011ರಲ್ಲಿ ಕೇಂದ್ರದ ನಿಯಮಗಳೂ ಬಂದವು. ಗುರುತಿನ ಚೀಟಿ ನೋಡಬೇಕು, ಬಂದುಹೋದವರ ದಾಖಲೆಯನ್ನು ಒಂದು ವರ್ಷ ಇಡಬೇಕು, ಗೂಡುಗಳ ನಡುವಿನ ಹಲಗೆ ನಾಲ್ಕೂವರೆ ಅಡಿ ಮೀರಬಾರದು, ಗುರುತಿನ ಚೀಟಿಯಿಲ್ಲದ ಅಪ್ರಾಪ್ತ ವಯಸ್ಕರ ಜೊತೆ ಹಿರಿಯರಿರಬೇಕು ಎಂದು ಅವು ವಿಧಿಸಿದವು. ಸುರಕ್ಷತೆಯ ಕಾರಣಗಳು ನಿಜವೇ. ಆದರೆ ರಾಜ್ಯದ ಎಷ್ಟೋ ವಿದ್ಯಾರ್ಥಿಗಳಿಗೆ ಇವೇ ಗ್ರಂಥಾಲಯಗಳಾಗಿದ್ದವು ಎಂಬ ಪರಿಗಣನೆ ಆ ನಿಯಮಗಳ ಯಾವ ಸಾಲಿನಲ್ಲೂ ಕಾಣುವುದಿಲ್ಲ.

ಇಷ್ಟು ಹೊತ್ತಿಗೆ ಕಂಪ್ಯೂಟರಿನಲ್ಲಿ ಕನ್ನಡ ಇರಲಿಲ್ಲವೆಂದಲ್ಲ, ಧಾರಾಳವಾಗಿತ್ತು. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರಕ್ಕಾಗಿ ರೂಪಿಸಿದ ‘ನುಡಿ’ ಇವುಗಳಿಂದ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಕನ್ನಡ ಸರಾಗವಾಗಿ ಮೂಡುತ್ತಿತ್ತು. 1996ರಲ್ಲೇ ಯು. ಬಿ. ಪವನಜ ಅವರ ‘ವಿಶ್ವಕನ್ನಡ’ ಜಾಲತಾಣ ಆರಂಭವಾಗಿತ್ತು. ತೊಡಕು ಇದ್ದದ್ದು ಒಳಗೆ. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ಪರದೆಯಲ್ಲಿ ಮೂರು ಸುಂದರ ಅಕ್ಷರ ಕಾಣುತ್ತಿದ್ದವು. ಕಂಪ್ಯೂಟರಿನ ನೆನಪಿನಲ್ಲಿ ಉಳಿಯುತ್ತಿದ್ದುದು ಬೇರೆ: ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆಯುಳ್ಳ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಗೆರೆಯ ಎ, ಜರ್ಮನ್ ಭಾಷೆಯ ಜೋಡಿ ಎಸ್, ಕ್ಯು, ಮತ್ತೊಂದು ಗೆರೆಯ ಎ. ಆ ಫಾಂಟು ಇರುವ ಯಂತ್ರದಲ್ಲಿ ಈ ಏಳು ಚಿಹ್ನೆಗಳು ಕನ್ನಡವಾಗಿ ತೋರುತ್ತಿದ್ದವು, ಇಲ್ಲದ ಯಂತ್ರದಲ್ಲಿ ಕಲಸುಮೇಲೋಗರ. ಬೇರೆ ಬೇರೆ ಪತ್ರಿಕೆಗಳ ಜಾಲತಾಣಗಳಿಗೆ ಬೇರೆ ಬೇರೆ ಫಾಂಟು. ಹುಡುಕುವ ಯಂತ್ರಕ್ಕೆ ಇವೆಲ್ಲ ಅರ್ಥವಿಲ್ಲದ ಚಿಹ್ನೆಗಳ ರಾಶಿ. ವರ್ಷಗಟ್ಟಲೆ ಪ್ರಕಟವಾದ ಕನ್ನಡ ಸುದ್ದಿ, ಲೇಖನ, ಸರ್ಕಾರಿ ಸುತ್ತೋಲೆಗಳು ಹೀಗೆ ಜಾಲದಲ್ಲಿದ್ದೂ ಕಣ್ಣಿಗೆ ಬೀಳದೆ ಉಳಿದವು.

ಇದಕ್ಕೆ ಪರಿಹಾರವಾದ ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಪ್ರತ್ಯೇಕ ಸಂಕೇತಗಳನ್ನು ಕೊಟ್ಟಿತ್ತು. ಸಾಮಾನ್ಯ ಬಳಕೆದಾರನಿಗೆ ಅದು ತಲುಪಿದ್ದು 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ. ಅದರಲ್ಲೂ ಸಂಕೀರ್ಣ ಲಿಪಿಗಳ ಸೌಲಭ್ಯವನ್ನು ಸಿ.ಡಿ.ಯಿಂದ ಬೇರೆಯಾಗಿ ಅಳವಡಿಸಬೇಕಿತ್ತು. ಆ ಕೆಲಸ ಆಗದ ಯಂತ್ರಗಳಲ್ಲಿ ಕನ್ನಡ ಪುಟ ತೆರೆದರೆ ಕಾಣುತ್ತಿದ್ದುದು ಚೌಕ ಚೌಕ ಡಬ್ಬಿಗಳು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಮೊದಲಿನಿಂದಲೂ ಯೂನಿಕೋಡಿನಲ್ಲಿ ಬೆಳೆಯಿತು. ಕನ್ನಡದಲ್ಲಿ ಹುಡುಕಿದವರಿಗೆ ಬಹುಕಾಲ ಸಿಗುತ್ತಿದ್ದ ಮೊದಲ ಫಲಿತಾಂಶ ಅದರದೇ ಆಗಿದ್ದುದು ಇದರಿಂದಾಗಿ. ಕರ್ನಾಟಕ ಸರ್ಕಾರ ಯೂನಿಕೋಡನ್ನು ಅಧಿಕೃತ ಶಿಷ್ಟತೆಯಾಗಿ ಒಪ್ಪಿದ್ದು 2012ರಲ್ಲಿ. ಈ ವಿಳಂಬದ ಬೆಲೆ ತೆತ್ತವರಲ್ಲಿ ವಿದ್ಯಾರ್ಥಿಗಳೇ ಹೆಚ್ಚು.

ಅಕ್ಷರ ಸರಿಹೋದ ಮೇಲೂ ವ್ಯಾಕರಣ ಉಳಿಯಿತು. ಕನ್ನಡದಲ್ಲಿ ಪದಕ್ಕೆ ಪ್ರತ್ಯಯ ಅಂಟಿಕೊಳ್ಳುತ್ತದೆ, ಸಂಧಿಯಲ್ಲಿ ರೂಪ ಬದಲಾಗುತ್ತದೆ. ‘ತುಂಗಭದ್ರಾ’ ಎಂದು ಹುಡುಕಿದರೆ ‘ತುಂಗಭದ್ರೆಯ’ ಎಂದು ಬರೆದ ಪುಟ ತಪ್ಪಿಹೋಗುತ್ತಿತ್ತು. ಹಂಪಿ ಎಂದವನಿಗೆ ಹಂಪೆ ಸಿಗುತ್ತಿರಲಿಲ್ಲ. ಅಂಕೀಕೃತ ಪುಸ್ತಕಗಳದು ಇನ್ನೊಂದು ಪಾಡು. ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ ನಡೆದ ಭಾರತೀಯ ಡಿಜಿಟಲ್ ಗ್ರಂಥಾಲಯ ಯೋಜನೆ ಸಾವಿರಾರು ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಿತು. ಆದರೆ ಶೀರ್ಷಿಕೆಗಳನ್ನು ರೋಮನ್ ಅಕ್ಷರಗಳಲ್ಲಿ, ಅದೂ ಕಂಡಾಪಟ್ಟೆ ತಪ್ಪುಗಳೊಂದಿಗೆ ದಾಖಲಿಸಿದ್ದರಿಂದ ನಮೂದಿಸಿದವರು ಮಾಡಿದ ತಪ್ಪನ್ನು ಊಹಿಸಿ ಹುಡುಕಿದವರಿಗಷ್ಟೇ ಪುಸ್ತಕ ದಕ್ಕುತ್ತಿತ್ತು. ಓಂಶಿವಪ್ರಕಾಶ್ ಮತ್ತು ಗೆಳೆಯರು ‘ಪುಸ್ತಕ ಸಂಚಯ’ದ ಮೂಲಕ ಆ ಶೀರ್ಷಿಕೆಗಳನ್ನು ಸ್ವಯಂಸೇವಕರ ನೆರವಿನಿಂದ ಕನ್ನಡ ಲಿಪಿಗೆ ತಂದರು. ಅದೇ ಬಳಗ ಓ. ಎಲ್. ನಾಗಭೂಷಣಸ್ವಾಮಿ, ವಸುಧೇಂದ್ರ ಮುಂತಾದವರ ಜೊತೆ ಸೇರಿ ಕಟ್ಟಿದ ‘ವಚನ ಸಂಚಯ’ದಲ್ಲಿ ಶರಣರ ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆ ಎಂದು ಕ್ಷಣದಲ್ಲಿ ತಿಳಿಯಬಹುದು. ಹಿಂದೆ ಸಂಪುಟಗಳ ಪದಸೂಚಿಯೊಂದಿಗೆ ತಿಂಗಳುಗಟ್ಟಲೆ ಕೂರಬೇಕಿದ್ದ ಕೆಲಸ ಅದು. ರಾಜ್ಯದ ಜ್ಞಾನ ಆಯೋಗದ ಯೋಜನೆಯಾಗಿ ಬಂದ ‘ಕಣಜ’ ಜಾಲತಾಣ, 2014ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆಯಾದ ಮೈಸೂರು ವಿಶ್ವಕೋಶದ ಆರು ಸಂಪುಟಗಳು ಕನ್ನಡದ ಫಲಿತಾಂಶಗಳಿಗೆ ತೂಕ ತಂದವು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಿಂದ ಮೊದಲಾಗಿ ಕೆಲವು ಕಡೆ ವಿದ್ಯಾರ್ಥಿಗಳಿಂದಲೇ ವಿಕಿಪೀಡಿಯ ಲೇಖನ ಬರೆಸುವ ಪ್ರಯೋಗ ನಡೆಯಿತು. ಆಧಾರ ಕೊಡದೆ ಒಂದು ವಾಕ್ಯವೂ ನಿಲ್ಲದು ಎಂಬ ಪಾಠ ಅಲ್ಲಿ ಕಲಿತಷ್ಟು ಚೆನ್ನಾಗಿ ಬೇರೆಲ್ಲೂ ಕಲಿಯಲಾಗದು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ ಡೇಟಾ ದರ ಕುಸಿದ ಮೇಲೆ ಸೈಬರ್ ಕೆಫೆಗಳು ಒಂದೊಂದಾಗಿ ಅರ್ಜಿ ತುಂಬುವ ಅಂಗಡಿಗಳಾದವು. ಹುಡುಕಾಟ ಮೊಬೈಲಿಗೆ ಬಂತು. 2017ರಲ್ಲಿ ಗೂಗಲ್ ಕನ್ನಡದಲ್ಲಿ ಮಾತಾಡಿ ಹುಡುಕುವ ಸೌಲಭ್ಯ ಕೊಟ್ಟದ್ದು ಟೈಪು ಮಾಡಲು ಬಾರದವರಿಗೆ ದೊಡ್ಡ ಬಿಡುಗಡೆ. ಆದರೆ ವಿದ್ಯಾರ್ಥಿಗಳ ಒಲವು ಬರಹದ ಪುಟಗಳಿಂದ ವಿಡಿಯೊ ಕಡೆ ವಾಲಿತ್ತು. ಗಣಿತದ ಲೆಕ್ಕ, ವಿಜ್ಞಾನದ ಪ್ರಯೋಗ, ಇತಿಹಾಸದ ಪಾಠವನ್ನು ಕನ್ನಡದಲ್ಲಿ ಹೇಳಿಕೊಡುವ ಯೂಟ್ಯೂಬ್ ವಾಹಿನಿಗಳು ನೂರಾರಾದವು. ಧಾರವಾಡದ ಸಪ್ತಾಪುರದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಕೂತವರು ಟೆಲಿಗ್ರಾಂ ಗುಂಪುಗಳಲ್ಲಿ ನೋಟ್ಸಿನ ಪಿಡಿಎಫ್ ಹಂಚಿಕೊಂಡರು. ಇದನ್ನು ಹುಡುಕಾಟ ಎನ್ನುವುದಕ್ಕಿಂತ ಕೈಬದಲಾವಣೆ ಎನ್ನುವುದು ಸರಿ; ಬರೆದವರಾರು, ಯಾವ ವರ್ಷದ್ದು ಎಂಬ ಗುರುತು ಅಂಥ ಕಡತಗಳಲ್ಲಿ ಅಪರೂಪ. ಪಠ್ಯಪುಸ್ತಕಗಳಲ್ಲಿ ದೀಕ್ಷಾ ವೇದಿಕೆಯ ಕ್ಯೂಆರ್ ಕೋಡುಗಳು ಬಂದು, ಪಾಠದಿಂದ ನೇರವಾಗಿ ಸಂಬಂಧಿಸಿದ ಸಾಮಗ್ರಿಗೆ ಹೋಗುವ ದಾರಿಯೂ ಆಯಿತು.

2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಈ ವ್ಯವಸ್ಥೆ ಯಾರ್‍ಯಾರನ್ನು ಮುಟ್ಟಿಲ್ಲ ಎಂಬುದು ಬಯಲಾಯಿತು. ಸರ್ಕಾರ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳನ್ನು ಪ್ರಸಾರ ಮಾಡಿತು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ದಡಿ ಶಿಕ್ಷಕರು ಊರ ಅಂಗಳಗಳಿಗೆ ಹೋದರು, ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಮಲೆನಾಡು, ಕರಾವಳಿಯ ಒಳನಾಡುಗಳಲ್ಲಿ ಮಕ್ಕಳು ಸಿಗ್ನಲ್ ಅರಸಿ ಗುಡ್ಡ ಹತ್ತಿದರು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಮನೆಗೊಂದೇ ಫೋನು ಇದ್ದಲ್ಲಿ ಅದು ಅಪ್ಪನೊಂದಿಗೆ ಕೆಲಸಕ್ಕೆ ಹೋಗುತ್ತಿತ್ತು, ಉಳಿದ ಹೊತ್ತಿನಲ್ಲಿ ಮೊದಲ ಹಕ್ಕು ಹೆಚ್ಚಾಗಿ ಗಂಡುಮಕ್ಕಳದು. ಅದೇ ವರ್ಷಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಹೊಸ ಜೀವ ಬಂದದ್ದು ಈ ಕಾಲದ ಒಳ್ಳೆಯ ಸುದ್ದಿ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಇಲಾಖೆಗೆ ವರ್ಗವಾದವು. 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಕಂಪ್ಯೂಟರು, ಅಂತರಜಾಲ ಬಂದ ಕಡೆ ಮೇಲ್ವಿಚಾರಕರೇ ಮಕ್ಕಳ ಪಕ್ಕ ಕೂತು ಹುಡುಕಲು ಕಲಿಸುತ್ತಿದ್ದಾರೆ. ರಂಗನಾಥನ್ ಬಯಸಿದ ಪರಾಮರ್ಶನ ಸೇವೆ ಹಳ್ಳಿಯಲ್ಲಿ ಪಡೆದ ರೂಪ ಇದು.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಿಡುಗಡೆಯಾದ ನಂತರ ಹುಡುಕಾಟದ ಸ್ವರೂಪವೇ ಬದಲಾಗುತ್ತಿದೆ. ಪುಟಗಳ ಪಟ್ಟಿಯ ಬದಲು ಸಿದ್ಧ ಉತ್ತರ ಬರುತ್ತದೆ. ಅರೆಬರೆ ಪ್ರಶ್ನೆಯನ್ನೂ, ಕಂಗ್ಲಿಷನ್ನೂ ಯಂತ್ರ ಅರ್ಥಮಾಡಿಕೊಳ್ಳುತ್ತದೆ. ಉತ್ತರ ಎಲ್ಲಿಂದ ಬಂತೆಂಬುದು ಮಾತ್ರ ಹಲವು ಸಲ ತಿಳಿಯುವುದಿಲ್ಲ, ತಪ್ಪನ್ನೂ ಅದು ಸರಿಯಷ್ಟೇ ನಿರರ್ಗಳವಾಗಿ ಹೇಳುತ್ತದೆ. ಇಂಥ ಯಂತ್ರಗಳು ಕಲಿಯುವುದು ಜಾಲದಲ್ಲಿ ಪಠ್ಯರೂಪದಲ್ಲಿರುವ ಬರಹದಿಂದ. ಕನ್ನಡದ ಮುದ್ರಿತ ಸಂಪತ್ತಿನ ದೊಡ್ಡ ಪಾಲು, ಅಂದರೆ ಹಳೆಯ ನಿಯತಕಾಲಿಕಗಳು, ಜಿಲ್ಲಾ ಗ್ಯಾಸೆಟಿಯರುಗಳು, ಸ್ಥಳೀಯ ಚರಿತ್ರೆಗಳು, ಇನ್ನೂ ಪುಟಗಳ ಚಿತ್ರವಾಗಿಯೇ ಇವೆ ಅಥವಾ ಕಪಾಟುಗಳಲ್ಲಿವೆ. ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ ಈಗ ಕನ್ನಡಕ್ಕೂ ಸಾಕಷ್ಟು ಚೆನ್ನಾಗಿದೆ. ಆದರೆ ಒತ್ತಕ್ಷರ ಮಸುಕಾದಲ್ಲಿ, ಅಚ್ಚುಮೊಳೆ ಸವೆದಲ್ಲಿ ಅದು ಎಡವುತ್ತದೆ. ವಿಕಿಸೋರ್ಸ್‌ನಲ್ಲಿ ಸ್ವಯಂಸೇವಕರು ಅಂಥ ಪುಟಗಳನ್ನು ಒಂದೊಂದಾಗಿ ಮೂಲದೊಂದಿಗೆ ಹೋಲಿಸಿ ತಿದ್ದುತ್ತಿದ್ದಾರೆ, ಅವರಲ್ಲಿ ಕಾಲೇಜು ವಿದ್ಯಾರ್ಥಿಗಳೂ ಇದ್ದಾರೆ.